ಹಳೇ ಫೋನ್ ಕಾಯುತ್ತಿದೆ

ತಪ್ಪು ನನ್ನ ಬಲಗೈ ತೋರುಬೆರಳಿನದು. ಒಂದು ಗುಂಡಿ ಒತ್ತಬೇಕಿತ್ತು. ಮೂವತ್ತೆಂಟು ದಿನ ಒತ್ತಲಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ನಾನು ಮೇಷ್ಟ್ರು. ಆರನೇ ತರಗತಿಗೆ ಗಣಿತ ಹೇಳುತ್ತೇನೆ. ಕಾಯಂ ಅಲ್ಲ. ವರ್ಷಕ್ಕೊಮ್ಮೆ ಕಾಗದಕ್ಕೆ ಸಹಿ ಹಾಕಿಸಿಕೊಂಡು ಇಟ್ಟುಕೊಂಡಿರುವವನು. ನನ್ನವ್ವ ಊರಿನ ಹತ್ತು ಮನೆಯ ಕಕ್ಕಸು ತೊಳೆದು ನನ್ನನ್ನು ಓದಿಸಿದಳು. ನಾನು ಓದಿದ ಹಳ್ಳಿ ಶಾಲೆಗೆ ಬಾಗಿಲೇ ಇರಲಿಲ್ಲ. ಕದ ಕಿತ್ತುಕೊಂಡು ಹೋಗಿ ಯಾರೋ ಒಲೆಗೆ ಹಾಕಿದ್ದರು. ಹಾಗಾಗಿ ಶಾಲೆಯ ಬಾಗಿಲನ್ನು ಒಬ್ಬ ಮೇಷ್ಟ್ರು ಒಳಗಿನಿಂದ ಹಾಕಿಕೊಂಡು ಕೂತಿರಬಹುದು ಎನ್ನುವುದು ನನಗೆ ನಲವತ್ತೇಳನೇ ವಯಸ್ಸಿನವರೆಗೆ ಗೊತ್ತಿರಲಿಲ್ಲ.

ನಮ್ಮ ಶಾಲೆಯ ಮೇಲಂತಸ್ತಿನ ತಾರಸಿ ಒಂದು ಭಾನುವಾರ ಕುಸಿಯಿತು. ಭಾನುವಾರವಾದ್ದರಿಂದ ಯಾರೂ ಸಾಯಲಿಲ್ಲ. ಅಧಿಕಾರಿಗಳು ಬಂದು ತರಗತಿಗಳಿಗೆ ಬೀಗ ಹಾಕಿದರು. ರಿಪೇರಿ ಮುಗಿಯುವವರೆಗೆ ಪಾಠವೆಲ್ಲ ಫೋನಿನಲ್ಲಿ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ಯಾವ ಆ್ಯಪ್, ಹೇಗೆ, ಯಾರಿಗೂ ಗೊತ್ತಿಲ್ಲ. ಕಾಯಂ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸೇರಿ ನನ್ನ ಮುಖ ನೋಡಿದರು.

“ಸಾರ್, ನೀವೇ ಎಲ್ಲಾ ಆ್ಯಪ್‌ಗಳನ್ನ ಒಂದ್ಸಲ ನೋಡಿ, ಯಾವುದು ಕ್ಲಾಸಿಗೆ ಆಗುತ್ತೆ ಅಂತ ರಿಪೋರ್ಟ್ ಕೊಡಿ. ಒಂದು ವಾರ ಸಾಕಲ್ವಾ?” ಎಂದರು ಕೋಆರ್ಡಿನೇಟರ್ ಮೇಡಂ. ನನಗಿಂತ ಹದಿನೈದು ವರ್ಷ ಚಿಕ್ಕವರು. ಮಂಡಳಿಯ ಮಾತು ನಮಗೆ ತಲುಪುವುದು ಅವರ ಬಾಯಿಂದಲೇ.

“ಫೋನಲ್ಲಿ ಹಲೋ ಅನ್ನೋದು ಬಿಟ್ರೆ ನಂಗೇನೂ ಬರಲ್ಲ ಮೇಡಂ.”

“ಕಲಿಯೋರಿಗೆ ತಾನೆ ಸಾರ್ ಕಲಿಸೋಕೆ ಬರೋದು?”

ಇಂಥ ಮಾತುಗಳನ್ನು ಅವರು ಮೂಟೆಗಟ್ಟಲೆ ಇಟ್ಟುಕೊಂಡಿದ್ದರು.

ವಾರವಿಡೀ ಮನೆಯಲ್ಲಿ ಫೋನು ಹಿಡಿದು ಕೂತೆ. ಹೆಂಡತಿ ಪಕ್ಕದಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಮೊದಲು ಮೆಸೇಜಿನ ಗುಂಪು ಮಾಡಿದೆ. ಬೆಳಗಾದರೆ ಅಪ್ಪಅಮ್ಮಂದಿರು ಕಳಿಸುವ ಗುಲಾಬಿ ಹೂವಿನಡಿ ನನ್ನ ಲೆಕ್ಕಗಳು ಹೂತುಹೋಗುತ್ತಿದ್ದವು. ಆಮೇಲೆ ಎಲ್ಲರೂ ಒಟ್ಟಿಗೆ ಬರೆಯುವ ಬೋರ್ಡಿನ ಆ್ಯಪ್ ಹಾಕಿದೆ. ಭಿನ್ನರಾಶಿ ಬರೆಯಿರಿ ಎಂದರೆ ಮಕ್ಕಳು ಬೋರ್ಡಿನ ತುಂಬ ನನ್ನ ಮೀಸೆ ಬರೆದರು. ಮೂರನೆಯದಕ್ಕೆ ಇಮೇಲ್ ಬೇಕಿತ್ತು. ಒಬ್ಬ ತಾಯಿ ಫೋನ್ ಮಾಡಿ, “ಸಾರ್, ಈ ಇಮೇಲ್ ಅನ್ನೋದನ್ನ ಯಾವ ಆಫೀಸಲ್ಲಿ ಮಾಡಿಸ್ಬೇಕು? ಒಂದು ದಿನ ರಜೆ ಹಾಕಿದ್ರೆ ಆಗುತ್ತಾ?” ಎಂದು ಕೇಳಿದಳು.

“ರೀ, ಕತ್ತೆಗೆ ಕನ್ನಡಕ ಹಾಕಿದ ಹಾಗಿದ್ದೀರಿ. ನೋಡೋಕೆ ವಿದ್ವಾಂಸ, ಕಾಣೋದು ಏನೂ ಇಲ್ಲ,” ಎಂದಳು ಹೆಂಡತಿ.

ನಾಲ್ಕನೆಯದು ಸಿಕ್ಕಿತು. ಲಿಂಕ್ ಒತ್ತಿದರೆ ಮುಗಿಯಿತು, ಮಗು ತರಗತಿಯಲ್ಲಿ. ಹೆಸರು, ವಿಳಾಸ ಏನೂ ಕೇಳುವುದಿಲ್ಲ. ಓಬೀರಾಯನ ಕಾಲದ ಫೋನಿನಲ್ಲೂ ಓಡುತ್ತದೆ. ಅದನ್ನೇ ಆರಿಸಿದೆ. ಪುಕ್ಕಟೆ ಸೀಟಿನ ಹನ್ನೊಂದು ಮಕ್ಕಳನ್ನು ನೆನೆಸಿಕೊಂಡೇ ಆರಿಸಿದೆ. ಕಾನೂನಿನ ಪ್ರಕಾರ ಪ್ರತಿ ತರಗತಿಯಲ್ಲೂ ಬಡವರ ಮಕ್ಕಳಿಗೆ ಇಂತಿಷ್ಟು ಸೀಟು ಬಿಡಬೇಕು. ನಮ್ಮಲ್ಲಿ ನಲವತ್ತೊಂದಕ್ಕೆ ಹನ್ನೊಂದು.

ರಿಪೋರ್ಟು ಕೊಡುವಾಗ ಹೆಮ್ಮೆಯಿಂದ ಒಂದು ಮಾತು ಸೇರಿಸಿದೆ. “ಇದರಲ್ಲಿ ಒಂದು ಬಾಗಿಲೂ ಇದೆ ಮೇಡಂ. ಹೊರಗಿನವರು ಸುಮ್ಮನೆ ನುಗ್ಗೋಕಾಗಲ್ಲ. ಮೇಷ್ಟ್ರು ಒಳಗಿನಿಂದ ‘ಸೇರಿಸು’ ಅಂತ ಒತ್ತೋವರೆಗೂ ಹೊರಗೇ ಕಾಯ್ತಿರಬೇಕು.”

ಅವರ ಕಣ್ಣು ಅರಳಿತು. ನಾನು ಕುರಿ. ಕಟುಕನಿಗೆ ಕತ್ತಿಯ ಮೊನೆ ತೋರಿಸಿಕೊಟ್ಟೆ.

*

ಎರಡು ವಾರ ಚೆನ್ನಾಗಿ ನಡೆಯಿತು. ಹನ್ನೊಂದು ಮಕ್ಕಳೂ ಬರುತ್ತಿದ್ದರು. ಅವರಲ್ಲಿ ಒಬ್ಬಳಿಗೆ ನಾನು ಪಿಟೀಲು ಎಂದು ಹೆಸರಿಟ್ಟಿದ್ದೆ. ಒಂದು ಪ್ರಶ್ನೆ ಹಿಡಿದರೆ ಕೊಯ್ಯುತ್ತಲೇ ಇರುತ್ತಾಳೆ, ಬಿಡುವುದಿಲ್ಲ. ಅವಳ ತಾಯಿ ಒಂದು ದೊಡ್ಡ ಮನೆಯಲ್ಲಿ ಬಚ್ಚಲು, ಕಕ್ಕಸು, ನೆಲ ತೊಳೆಯುತ್ತಾಳೆ. ಆ ಮನೆಯವರೇ ತಮ್ಮ ಹಳೆಯ ಫೋನೊಂದನ್ನು ಕೊಟ್ಟಿದ್ದರು. ಅದರಲ್ಲಿ ಅವರು ಬರೆದಿಟ್ಟಿದ್ದ ಹೆಸರು ಹಾಗೇ ಉಳಿದಿತ್ತು. ಹೀಗಾಗಿ ನನ್ನ ತರಗತಿಯ ಪಟ್ಟಿಯಲ್ಲಿ ಉಳಿದ ಮಕ್ಕಳಿಗೆಲ್ಲ ಹೆಸರಿದ್ದರೆ ಪಿಟೀಲಿನ ಜಾಗದಲ್ಲಿ ‘ಹಳೇ ಫೋನ್’ ಎಂದು ಬರುತ್ತಿತ್ತು. ಅವಳು ಪಾಠ ಕೇಳುತ್ತಿದ್ದದ್ದು ಆ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು. ಅವರ ವೈಫೈ ಮೂರನೇ ಮೆಟ್ಟಿಲವರೆಗೆ ಬರುತ್ತಿತ್ತು. ನಾಲ್ಕನೆಯದಕ್ಕೆ ಬರುತ್ತಿರಲಿಲ್ಲ.

ಆ ಮನೆಯ ಮಗನೂ ಅದೇ ತರಗತಿ. ಗುಂಡ ಎನ್ನುತ್ತಾರೆ ಅವನನ್ನು. ಅವನು ಮುಂದಿನ ಕೋಣೆಯಲ್ಲಿ, ಇವಳು ಹಿಂದಿನ ಮೆಟ್ಟಿಲಲ್ಲಿ. ಒಂದೇ ಮನೆ, ಒಂದೇ ಪಾಠ.

ಒಂದು ದಿನ ಪಿಟೀಲು ಮೈಕು ತೆರೆದು ಉತ್ತರ ಹೇಳುತ್ತಿದ್ದಳು. ಅವಳ ತಲೆಯ ಮೇಲೆಯೇ ಬಚ್ಚಲಿನ ಕಿಟಕಿ. ಅಲ್ಲಿಂದ ಒಂದು ದನಿ ಬಂತು.

“ಏ, ಕಿವಿ ಕೆಪ್ಪಾ ನಿಂಗೆ? ಕಮೋಡಿನ ಹಿಂದೆ ಕೈ ಹಾಕಿ ಉಜ್ಜು ಅಂದೆ. ಬ್ರಷ್ ಮುಟ್ಬೇಡ, ಅದು ನಮ್ಮದು. ನಿಂಗೆ ಚಿಂದಿ ಕೊಟ್ಟಿಲ್ವಾ?”

ಅರೆಕ್ಷಣ ಬಿಟ್ಟು ಅದೇ ಮಾತು, ಅದೇ ದನಿ, ಗುಂಡನ ಮೈಕಿನಿಂದಲೂ ಬಂತು. “ಕಿವಿ ಕೆಪ್ಪಾ... ಬ್ರಷ್ ಮುಟ್ಬೇಡ... ಚಿಂದಿ...”

ಯಾರೋ ಕಿಸಕ್ಕೆಂದರು. “ಲೋ ಗುಂಡ, ನಿಮ್ಮಮ್ಮ ಕಣೋ!” ಎಂದು ಮತ್ತೊಬ್ಬ ಕೂಗಿದ. ಉಳಿದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಗುಂಡ ಫೋನು ಆರಿಸಿದ.

ಪಿಟೀಲು ಆರಿಸಲಿಲ್ಲ. ಕೆಂಪೇರಿದ ಮುಖವನ್ನು ಪರದೆಗೆ ಇನ್ನೂ ಹತ್ತಿರ ತಂದು ಕೇಳಿದಳು: “ಸಾರ್, ಮುಕ್ಕಾಲು ಅಂದಿದ್ದು ಸರೀನಾ?”

ಸರಿ ಎಂದೆ.

ಮಧ್ಯಾಹ್ನ ಮೇಡಂ ಫೋನು ಮಾಡಿದರು. ದೊಡ್ಡ ಮನೆಯಮ್ಮ ಮಂಡಳಿಯವರಿಗೇ ದೂರು ಕೊಟ್ಟಿದ್ದಳು. ತಮ್ಮ ಮನೆಯೊಳಗಿನ ಮಾತು ಊರಿಗೆಲ್ಲ ಕೇಳಿಸಿ ಮಾನ ಹೋಯಿತಂತೆ. ಮಾನ ಹೋಗಿದ್ದು ಅವಳದಂತೆ!

“ಹಿನ್ನೆಲೆ ಸರಿಯಿಲ್ಲದ ಮಕ್ಕಳನ್ನ ಸ್ವಲ್ಪ ದಿನ ಹೊರಗೆ ಕಾಯಿಸಿ ಸಾರ್. ನೀವೇ ಹೇಳಿದ್ರಲ್ಲ, ಬಾಗಿಲಿದೆ ಅಂತ.”

“ಯಾವ ಮಕ್ಕಳು?”

“ಗೊತ್ತಲ್ಲ ಸಾರ್. ಆ ಹನ್ನೊಂದು.”

“ಹನ್ನೊಂದು ಜನರ ಹಿಂದೂ ಬಚ್ಚಲಿದೆಯಾ ಮೇಡಂ? ಬಾಯಿ ಬಿಟ್ಟಿದ್ದು ಆ ಯಮ್ಮ. ಹೊರಗೆ ನಿಲ್ಲೋದು ಇವರಾ?”

ಅವರು ಸಿಟ್ಟಾಗಲಿಲ್ಲ. ದನಿ ಇನ್ನೂ ಮೆತ್ತಗಾಯಿತು. “ಸಾರ್, ನಿಮ್ಮ ಕಾಂಟ್ರಾಕ್ಟ್ ಈ ಟರ್ಮಿಗೆ ಮುಗಿಯುತ್ತಲ್ವಾ? ನಾನೇ ನಿಮ್ಮ ಪರವಾಗಿ ಮಾತಾಡ್ಬೇಕು ಅಂತಿದ್ದೆ.”

ನನ್ನ ಬಾಯಿ ದೊಡ್ಡದು. ಎಂಥವರ ಎದುರೂ ಕಡ್ಡಿ ಮುರಿದ ಹಾಗೆ ಹೇಳುತ್ತೇನೆ ಎಂದು ಮೆರೆಯುತ್ತಿದ್ದೆ. ಅವತ್ತು ಆ ಬಾಯಿ ಮುಚ್ಚಿಕೊಂಡಿತು.

*

ಮಾರನೆಯ ದಿನದಿಂದ ಹೀಗೆ. ಬೆಳಗ್ಗೆ ಒಂಬತ್ತಕ್ಕೆ ತರಗತಿ ತೆರೆಯುತ್ತೇನೆ. ಮೂವತ್ತು ಮಕ್ಕಳನ್ನು ಸೇರಿಸುತ್ತೇನೆ. ಪರದೆಯ ಮೇಲ್ತುದಿಯಲ್ಲಿ ಒಂದು ಪಟ್ಟಿ ಉಳಿಯುತ್ತದೆ. ‘ಹಳೇ ಫೋನ್ ಕಾಯುತ್ತಿದೆ. ಒಳಗೆ ಸೇರಿಸಲೇ?’ ಕೆಳಗೆ ಎರಡು ಗುಂಡಿ. ಸೇರಿಸು. ಬೇಡ. ಹನ್ನೊಂದು ಮಕ್ಕಳಿಗೂ ಹೀಗೇ.

ನಾನು ‘ಸೇರಿಸು’ ಒತ್ತಲಿಲ್ಲ. ‘ಬೇಡ’ವನ್ನೂ ಒತ್ತಲಿಲ್ಲ. ಬೇಡ ಎಂದು ಒತ್ತಲಿಲ್ಲವಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು ಎಂದುಕೊಂಡೆ. ಹೇಡಿಯ ಲೆಕ್ಕಾಚಾರ ಇದು. ಬಾಗಿಲಲ್ಲಿ ನಿಂತವರಿಗೆ ಹೋಗು ಎಂದಾದರೂ ಹೇಳಿದರೆ ಕಾಲು ನೋಯುವುದಿಲ್ಲ.

ಸಂಜೆ ಹೊತ್ತು ಆ ಹನ್ನೊಂದು ಮಕ್ಕಳಿಗೇ ಬೇರೆ ಪಾಠ ಮಾಡಲು ನೋಡಿದೆ. ಮಕ್ಕಳಿಗೆ ಲಿಂಕ್ ಕಳಿಸುವ ಮೊದಲೇ ಮೇಡಂ ಕಂಡುಹಿಡಿದರು. ಖಾತೆ ಶಾಲೆಯದು, ಯಾರು ಯಾವಾಗ ತೆರೆದರೂ ಅವರಿಗೆ ತಿಳಿಯುತ್ತದೆ. “ಅನುಮತಿ ಇಲ್ಲದೆ ಬಳಸಬೇಡಿ ಸಾರ್” ಎಂದು ಒಂದೇ ಸಾಲು ಬಂತು. ಹೆಂಡತಿಗೆ ಹೇಳಿದೆ. ಅವಳು ಮಿಷನ್ ನಿಲ್ಲಿಸಿದಳು.

“ಕೆಲಸ ಬಿಡ್ತೀರಾ?”

“ಬಿಟ್ರೆ?”

“ಬಿಟ್ರೆ ನಾನು ಇನ್ನೂ ಎರಡು ಗಂಟೆ ಹೆಚ್ಚು ತುಳೀತೀನಿ. ನನ್ನ ಮಂಡಿ ನಿಮಗೆ ಗೊತ್ತೇ ಇದೆ. ಬಿಡಿ ಅನ್ನಲ್ಲ, ಬಿಡಬೇಡಿ ಅಂತಾನೂ ಅನ್ನಲ್ಲ.” ಮತ್ತೆ ತುಳಿಯತೊಡಗಿದಳು. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ.

ಮೊದಲ ವಾರ ಹನ್ನೊಂದೂ ಮಕ್ಕಳು ಕಾಯುತ್ತಿದ್ದರು. ಎರಡನೇ ವಾರ ಎಂಟು. ಆಮೇಲೆ ನಾಲ್ಕು. ತಿಂಗಳಾಗುವಷ್ಟರಲ್ಲಿ ಒಬ್ಬಳೇ. ನಲವತ್ತು ನಿಮಿಷ ಮುಗಿದು ತರಗತಿ ತಾನಾಗಿ ಮುಚ್ಚುವವರೆಗೂ ಆ ಸಾಲು ಅಲ್ಲಾಡುತ್ತಿರಲಿಲ್ಲ. ಹಳೇ ಫೋನ್ ಕಾಯುತ್ತಿದೆ. ಭಾಗಾಕಾರ ಹೇಳಿಕೊಡುವಾಗ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವಳು ಫೋನನ್ನು ಹಾಗೇ ಇಟ್ಟು ಆಡಲು ಹೋಗಿರಬೇಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಆಗ ಮೇಡಂ ಒಂದು ಕಾಗದ ಕಳಿಸಿದರು. ತಲೆಬರಹ: ದೀರ್ಘ ಗೈರುಹಾಜರಿ. ಹನ್ನೊಂದು ಹೆಸರು. ‘ಮೇಲ್ಕಂಡ ಮಕ್ಕಳು ಮೂವತ್ತು ದಿನಕ್ಕೂ ಹೆಚ್ಚು ಕಾಲ ತರಗತಿಗೆ ಬಂದಿರುವುದಿಲ್ಲ ಎಂದು ದೃಢೀಕರಿಸುತ್ತೇನೆ.’ ಕೆಳಗೆ ನನ್ನ ಸಹಿಗೆ ಜಾಗ. ಶನಿವಾರ ಮಂಡಳಿ ಮತ್ತು ಪೋಷಕರ ಸಭೆ, ಅಷ್ಟರೊಳಗೆ ಸಹಿ ಬೇಕು. ಸಹಿ ಬಿದ್ದರೆ ಹನ್ನೊಂದು ಸೀಟೂ ರದ್ದು.

“ಇವರು ಬಂದಿದ್ರು ಮೇಡಂ,” ಎಂದೆ.

“ಸಿಸ್ಟಮ್ ಬಂದಿಲ್ಲ ಅನ್ನುತ್ತೆ ಸಾರ್. ಒಳಗೆ ಬಂದವರನ್ನ ಮಾತ್ರ ಅದು ಎಣಿಸೋದು.”

“ಒಳಗೆ ಬಿಡಬೇಡಿ ಅಂದೋರು ನೀವು.”

“ನಾನೆಲ್ಲಿ ಬರೆದುಕೊಟ್ಟಿದ್ದೀನಿ?”

ಬರೆದುಕೊಟ್ಟಿರಲಿಲ್ಲ. ಗುಂಡಿ ಇದ್ದದ್ದು ನನ್ನ ಕೈಯಲ್ಲಿ.

*

ಗುರುವಾರ ಮನೆಯಲ್ಲಿ ಕೂರಲು ಆಗಲಿಲ್ಲ. ಆ ಕಾಗದ ಜೇಬಿನಲ್ಲಿತ್ತು. ಬೀದಿಯಲ್ಲಿ ನಡೆಯುತ್ತಲೇ ಫೋನಿನಲ್ಲಿ ತರಗತಿ ತೆರೆದೆ. ಮಕ್ಕಳಿಗೆ ಹತ್ತು ಲೆಕ್ಕ ಕೊಟ್ಟು, ಸದ್ದಿಲ್ಲದೆ ಮಾಡಿ ಎಂದು ಮೈಕು ಮುಚ್ಚಿದೆ. ದೊಡ್ಡ ಮನೆಯ ಹಿಂದಿನ ಓಣಿಗೆ ಹೋದೆ. ಕಸದ ಡಬ್ಬಗಳು, ತುಂಬಿ ಹರಿಯುವ ಮೋರಿ, ಒಂದು ಕಬ್ಬಿಣದ ಗೇಟು. ಗೇಟಿನಾಚೆ ಮೆಟ್ಟಿಲು.

ಮೂರನೇ ಮೆಟ್ಟಿಲ ಮೇಲೆ ಪಿಟೀಲು ಕೂತಿದ್ದಳು. ಶಾಲೆಯ ಸಮವಸ್ತ್ರ ಹಾಕಿದ್ದಳು. ತಲೆ ಬಾಚಿ ಎರಡು ಜಡೆ. ಎದುರಿಗೆ ಬಕೆಟ್ಟು ಮಗುಚಿ ಅದಕ್ಕೆ ಫೋನು ಒರಗಿಸಿಟ್ಟಿದ್ದಳು. ತೊಡೆಯ ಮೇಲೆ ನೋಟ್‌ಬುಕ್ಕು. ಬರೆಯುತ್ತಿದ್ದಳು.

ನನ್ನ ಫೋನಿನಲ್ಲಿ: ಹಳೇ ಫೋನ್ ಕಾಯುತ್ತಿದೆ. ಒಳಗೆ ಸೇರಿಸಲೇ?

ನಾಲ್ಕಡಿ ದೂರದಲ್ಲಿ ಅವಳ ಫೋನಿನಲ್ಲಿ: ದಯವಿಟ್ಟು ಕಾಯಿರಿ. ನಿಮ್ಮನ್ನು ಬೇಗನೆ ಒಳಗೆ ಕರೆಯಲಾಗುವುದು.

ನನ್ನನ್ನು ನೋಡಿ ಧಡಕ್ಕನೆ ಎದ್ದು ನಿಂತಳು. “ನಮಸ್ತೆ ಸಾರ್.” ಗೇಟಿನ ಬಳಿ ಬಂದು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಸರಳುಗಳ ನಡುವೆ ಚಾಚಿದಳು. “ಸಹಿ ಬಾಕಿ ಇದೆ ಸಾರ್.”

ತೆರೆದು ನೋಡಿದೆ. ಮೇಲೆ ತಾರೀಖು. ಕೆಳಗೆ ಪುಟದ ತುಂಬ ಒಂದೇ ಸಾಲು, ಮುತ್ತು ಪೋಣಿಸಿದ ಹಾಗೆ. ದಯವಿಟ್ಟು ಕಾಯಿರಿ. ನಿಮ್ಮನ್ನು ಬೇಗನೆ ಒಳಗೆ ಕರೆಯಲಾಗುವುದು. ದಯವಿಟ್ಟು ಕಾಯಿರಿ. ಪುಟದ ಬುಡದಲ್ಲಿ ‘ಸಾರ್ ಸಹಿ’ ಎಂದು ಬರೆದು ಖಾಲಿ ಗೆರೆ. ಮಗುಚಿದೆ. ಮರುದಿನದ ತಾರೀಖು, ಅದೇ ಸಾಲು, ಅದೇ ಖಾಲಿ ಗೆರೆ. ಮೂವತ್ತೆಂಟು ಪುಟ.

ಅರ್ಥವಾಯಿತು. ಅದು ನನ್ನದೇ ಕಾನೂನು. ಶಾಲೆಯಲ್ಲಿ ತಂಟೆ ಮಾಡಿದವರನ್ನು ನಾನು ಹೊಡೆಯುವುದಿಲ್ಲ. ಬಾಗಿಲ ಹೊರಗೆ ನಿಲ್ಲಿಸಿ, ಬೋರ್ಡಿನ ಮೇಲೆ ಕಾಣುವ ಸಾಲನ್ನು ಒಂದು ಪುಟ ಬರೆಸುತ್ತೇನೆ. ಬರೆದು ತಂದರೆ ಸಹಿ ಹಾಕುತ್ತೇನೆ. ಸಹಿ ಬಿದ್ದರೆ ಒಳಗೆ ಬರಬಹುದು.

“ಮೈಕ್ ಆರಿಸ್ಲಿಲ್ಲ ಅಂತ ತಾನೆ ಸಾರ್ ಹೊರಗೆ ನಿಲ್ಸಿದ್ದು?” ಎಂದಳು ಪಿಟೀಲು. “ನಾನು ದಿನಾ ಬರೀತಿದ್ದೆ. ಆದ್ರೆ ಫೋನಲ್ಲಿ ನಿಮ್ಮ ಹತ್ರ ಸಹಿ ಹಾಕಿಸೋದು ಹೆಂಗೆ ಅಂತ ಗೊತ್ತಾಗ್ಲಿಲ್ಲ. ಅವ್ವಂಗೆ ಹೇಳ್ಬೇಡಿ ಸಾರ್. ಕ್ಲಾಸಲ್ಲಿದ್ದೀನಿ ಅಂದ್ಕೊಂಡಿದೆ.”

ಗೇಟು ತಳ್ಳಿ ಒಳಗೆ ಹೋಗಿ ಒದ್ದೆ ಮೆಟ್ಟಿಲ ಮೇಲೆ ಕೂತೆ. ಪೆನ್ನು ತೆಗೆದೆ. ಒಂದೊಂದು ಪುಟಕ್ಕೂ ಸಹಿ ಹಾಕಿದೆ. ತಾರೀಖು ಸಹಿತ ಹಾಕಿದೆ. ಇಪ್ಪತ್ತನೆಯದಕ್ಕೆ ಅಕ್ಷರ ಕಾಣಿಸಲಿಲ್ಲ. ಅವಳು ಪಕ್ಕದಲ್ಲಿ ನಿಂತು ಪುಟ ಮಗುಚಿ ಕೊಡುತ್ತಿದ್ದಳು. ಮೂವತ್ತೆಂಟನೆಯ ಸಹಿ ಮುಗಿಯುವುದಕ್ಕೂ ಎರಡೂ ಫೋನುಗಳಲ್ಲಿ ತರಗತಿ ಮುಚ್ಚುವುದಕ್ಕೂ ಸರಿಹೋಯಿತು.

ತಾಯಿ ಬಕೆಟ್ಟು ಹಿಡಿದು ಹೊರಗೆ ಬಂದಳು. ಆ್ಯಸಿಡ್ಡಿಗೆ ಬೆರಳ ತುದಿಯೆಲ್ಲ ಬಿಳುಚಿ ಸುಲಿದಿತ್ತು. ನನ್ನ ಅವ್ವನ ಕೈ. ನನ್ನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡಳು.

“ಅಯ್ಯೋ, ಮೆಟ್ಟಿಲ ಮೇಲೆ ಕೂತಿದ್ದೀರಲ್ಲ ಸಾರ್! ಹೆಂಗೆ ಓದ್ತಾಳೆ ನಮ್ಮ ಹುಡುಗಿ? ಒಂದು ದಿನಾನೂ ತಪ್ಪಿಸಿಲ್ಲ ನೋಡಿ.”

ಪಿಟೀಲು ನನ್ನ ಕಡೆ ನೋಡಿದಳು.

“ಹೌದಮ್ಮ. ಒಂದು ದಿನಾನೂ ತಪ್ಪಿಸಿಲ್ಲ,” ಎಂದೆ. ಅಷ್ಟು ಹೇಳಿ ಕಳ್ಳನ ಹಾಗೆ ಎದ್ದು ಬಂದೆ. ಗೇಟು ದಾಟುವಾಗ ಪಿಟೀಲು ಹಿಂದಿನಿಂದ ಕೇಳಿದಳು: “ನಾಳೆ ಒಳಗೆ ಬಿಡ್ತೀರಾ ಸಾರ್?”

“ಬಿಡ್ತೀನಿ.”

ಮಾರನೆಯ ದಿನ ತರಗತಿ ತೆರೆದೆ. ಬೆರಳು ಎತ್ತಿ ಸಿದ್ಧವಾಗಿದ್ದೆ. ಹಳೇ ಫೋನ್ ಕಾಯುತ್ತಿದೆ ಎಂಬ ಸಾಲು ಬಂತು. ಕೆಳಗೆ ಗುಂಡಿ ಇರಲಿಲ್ಲ. ಮೇಡಂ ಬಾಗಿಲನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ನಾನು ಹಿಂದಿನ ಮೆಟ್ಟಿಲಲ್ಲಿ ಕೂತದ್ದನ್ನು ಮೇಲಿನ ಕಿಟಕಿಯಿಂದ ಯಾರೋ ನೋಡಿದ್ದರು.

*

ಶನಿವಾರ ಹನ್ನೊಂದಕ್ಕೆ ಸಭೆ. ಫೋನಿನಲ್ಲೇ. ‘ತರಗತಿಯಲ್ಲಿ ಆನ್‌ಲೈನ್ ಸಾಧನಗಳ ಬಳಕೆ’ ಎಂದು ನಾನು ಹತ್ತು ನಿಮಿಷ ಮಾತಾಡಬೇಕಿತ್ತು. ನನ್ನ ರಿಪೋರ್ಟನ್ನು ಮಂಡಳಿಯವರು ಎಲ್ಲೆಲ್ಲೋ ತೋರಿಸಿ ಶಹಭಾಸ್ ಅನ್ನಿಸಿಕೊಂಡಿದ್ದರು. ಅದಕ್ಕಾಗಿ ಅವತ್ತು ನನ್ನನ್ನು ಒಳಗೆ ಬಿಡಲೇಬೇಕಿತ್ತು. ಸಹಿಯಿಲ್ಲದ ಆ ಕಾಗದ ಮೇಜಿನ ಮೇಲಿತ್ತು.

ಹತ್ತೂವರೆಗೆ ಹೆಂಡತಿ ಕಸ ಹಾಕಲು ಬಾಗಿಲು ತೆರೆದವಳು ಕೂಗಿದಳು. “ರೀ, ಯಾರೋ ನಿಂತಿದ್ದಾರೆ ನೋಡಿ!”

ಪಿಟೀಲಿನ ತಾಯಿ. ಕಂಕುಳಲ್ಲಿ ಆ ನೋಟ್‌ಬುಕ್ಕು.

“ಎಷ್ಟು ಹೊತ್ತಾಯ್ತಕ್ಕ ಬಂದು?” ಎಂದಳು ನನ್ನ ಹೆಂಡತಿ.

“ಒಂದು ಗಂಟೆ ಆಗಿರ್ಬೇಕು. ಒಂದ್ಸಲ ಬಡಿದೆ. ಮಿಷನ್ ಸದ್ದಿಗೆ ಕೇಳಿಸ್ಲಿಲ್ವೇನೋ.”

“ಇನ್ನೊಂದ್ಸಲ ಬಡೀಬಾರ್ದಾ?”

“ಎರಡು ಸಲ ಬಡಿದು ಅಭ್ಯಾಸ ಇಲ್ಲಮ್ಮ. ಮನೆಗೆಲಸದೋರು ಎರಡು ಸಲ ಬಡಿದ್ರೆ ಬೈತಾರೆ.”

ಒಳಗೆ ಬಂದು ನೆಲದ ಮೇಲೆ ಕೂರಲು ಹೋದಳು. ಹೆಂಡತಿ ರಟ್ಟೆ ಹಿಡಿದು ಕುರ್ಚಿಗೆ ಕೂರಿಸಿದಳು.

“ಸಾರ್, ಅಮ್ಮಾವ್ರು ಬೆಳಗ್ಗೆ ಒಂದು ಮಾತು ಅಂದ್ರು,” ಎಂದಳು. “ನಿನ್ನ ಮಗಳ ಸೀಟು ಹೋಗುತ್ತಂತೆ, ಕ್ಲಾಸಿಗೇ ಬಂದಿಲ್ವಂತೆ. ಸೋಮವಾರದಿಂದ ಅವಳನ್ನೂ ಕೆಲಸಕ್ಕೆ ಕರ್ಕೊಂಡು ಬಾ, ಹೆಂಗೂ ಮೆಟ್ಟಿಲ ಮೇಲೆ ಕೂತೇ ಇರ್ತಾಳೆ, ಕೈ ಚಿಕ್ಕದು, ಕಮೋಡಿನ ಹಿಂದೆ ಸಲೀಸಾಗಿ ಹೋಗುತ್ತೆ ಅಂದ್ರು.” ನೋಟ್‌ಬುಕ್ಕು ತೆರೆದು ನನ್ನೆದುರು ಹಿಡಿದಳು. “ಹೆಂಗೆ ಬಂದಿಲ್ಲ ಅಂತಾರೆ? ನೋಡಿ ಸಾರ್, ದಿನಾ ಬರೆದಿದ್ದಾಳೆ. ಕೆಳಗೆ ನಿಮ್ಮದೇ ಸಹಿ. ನಂಗೆ ಓದೋಕೆ ಬರಲ್ಲ, ನಿಮಗೆ ಬರುತ್ತಲ್ಲ. ಓದಿ ಅವರಿಗೆ ಹೇಳಿ.”

ಹೆಂಡತಿ ನನ್ನ ಮುಖ ನೋಡಿದಳು. ತಪ್ಪಿಸಿಕೊಳ್ಳಲು ಆ ಕೋಣೆಯಲ್ಲಿ ಜಾಗವಿರಲಿಲ್ಲ.

ಓದಿದೆ. ಗಟ್ಟಿಯಾಗಿ ಓದಿದೆ. “ದಯವಿಟ್ಟು ಕಾಯಿರಿ. ನಿಮ್ಮನ್ನು ಬೇಗನೆ ಒಳಗೆ ಕರೆಯಲಾಗುವುದು.”

“ಆಮೇಲೆ?”

“ಅಷ್ಟೇ ಅಮ್ಮ. ಎಲ್ಲಾ ಪುಟದಲ್ಲೂ ಇಷ್ಟೇ.”

ಅವಳು ಸಾಲುಗಳ ಮೇಲೆ ಸುಲಿದ ಬೆರಳು ಓಡಿಸಿದಳು.

“ಒಳಗಿದ್ದೋರು ಯಾರು ಸಾರ್?”

“ನಾನು.”

“ಇವಳು ಹೊರಗಿರೋದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ದಿನಾ?”

“ದಿನಾ.”

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ನಾನೇ ಸಾರ್ ಅವಳಿಗೆ ಹೇಳಿಕೊಟ್ಟಿದ್ದು,” ಎಂದಳು. “ಬಾಗಿಲು ಒಂದೇ ಸಲ ಬಡೀಬೇಕು, ಆಮೇಲೆ ಸುಮ್ನೆ ನಿಲ್ಬೇಕು. ಒಳಗಿರೋರಿಗೆ ಕೇಳಿಸಿರುತ್ತೆ, ಅವರಿಗೂ ಏನೋ ಕೆಲಸ ಇರುತ್ತೆ, ಮುಗಿಸ್ಕೊಂಡು ಬಂದು ತೆಗೀತಾರೆ ಅಂತ.”

ಸಭೆಗೆ ಐದು ನಿಮಿಷವಿತ್ತು.

“ಇದನ್ನ ಅವರಿಗೆಲ್ಲ ತೋರಿಸ್ತೀನಿ ಅಮ್ಮ. ನೀವು ಬೇಡ ಅಂದ್ರೆ ಇಲ್ಲ. ತೋರಿಸಿದ್ರೆ ನಿಮ್ಮ ಕೆಲಸ ಹೋಗುತ್ತೆ. ಫೋನೂ ಕಿತ್ಕೋತಾರೆ.”

“ಹೋಗ್ಲಿ ಅನ್ನೋಷ್ಟು ನನ್ನ ಹತ್ರ ಏನೈತೆ ಸಾರ್?” ಎಂದಳು. ಆಮೇಲೆ, “ಅವಳ ಅಕ್ಷರ ಚೆನ್ನಾಗೈತಾ?”

“ಇಡೀ ಕ್ಲಾಸಿಗೇ ಇಷ್ಟು ಚೆಂದ ಇಲ್ಲ.”

“ಹಂಗಾದ್ರೆ ತೋರಿಸಿ. ಎಲ್ರೂ ನೋಡ್ಲಿ.”

ಸಭೆ ತೆರೆಯಿತು. ಮಂಡಳಿಯ ಐವರು, ಪೋಷಕರು ಇಪ್ಪತ್ತು ಮೂವತ್ತು ಜನ. ಅವರಲ್ಲಿ ದೊಡ್ಡ ಮನೆಯಮ್ಮನೂ ಇದ್ದಳು, ಹಿಂದೆ ಹೂದಾನಿ ಇಟ್ಟುಕೊಂಡು. ಮೇಡಂ ನನ್ನನ್ನು ಹೊಗಳಿ ಮಾತಿಗೆ ಕರೆದರು.

“ಆ್ಯಪ್ ಚೆನ್ನಾಗಿದೆ,” ಎಂದೆ. “ಅದು ಎಲ್ಲ ಮಕ್ಕಳಿಗೂ ಸಿಗಲಿ ಅಂತ ನಾನೇ ಹುಡುಕಿ ಆರಿಸಿದ್ದು. ಅದರ ಬಾಗಿಲ ಹೊರಗೆ ಹನ್ನೊಂದು ಮಕ್ಕಳನ್ನ ಮೂವತ್ತೆಂಟು ದಿನ ನಿಲ್ಲಿಸಿದ್ದೂ ನಾನೇ. ನಿಲ್ಲಿಸು ಅಂದೋರು ಯಾರು ಅಂತ ಮೇಡಂ ಹೇಳ್ತಾರೆ. ಹೊರಗೆ ನಿಂತ ಒಂದು ಮಗು ಇದನ್ನ ಬರೆದಿದೆ.” ಮೊದಲ ಪುಟ ಕ್ಯಾಮೆರಾಕ್ಕೆ ಹಿಡಿದೆ. ಎರಡನೆಯದು. ಮೂರನೆಯದು. ಒಂದೊಂದನ್ನೂ ತಾರೀಖಿನೊಂದಿಗೆ ಓದಿದೆ. “ಇದು ಹಾಜರಿ. ಗೈರುಹಾಜರಿ ಕಾಗದಕ್ಕೆ ನಾನು ಸಹಿ ಹಾಕಲ್ಲ. ನನ್ನ ಸಹಿ ಇಲ್ಲಿದೆ.”

“ಸಾರ್, ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ,” ಎಂದರು ಮೇಡಂ.

“ಚೆನ್ನಾಗೇ ಕೇಳಿಸ್ತಿದೆ,” ಎಂದಿತು ಯಾವುದೋ ದನಿ. ಯಾರೆಂದು ಗೊತ್ತಾಗಲಿಲ್ಲ. ಏಳನೇ ಪುಟ ಎತ್ತಿದ್ದೆ. ಮುಖಗಳೆಲ್ಲ ಮಾಯವಾದವು. ಪರದೆ ಬೆಳ್ಳಗಾಯಿತು. ನಡುವೆ ಒಂದು ಸಾಲು ಬಂತು.

ಪಿಟೀಲಿನ ತಾಯಿ ಬಗ್ಗಿ ನೋಡಿದಳು. ಓದು ಬರದಿದ್ದರೂ ಅವಳಿಗೆ ಆ ಪರದೆಯ ಗುರುತು ಸಿಕ್ಕಿತು. ದಿನವೂ ಬಕೆಟ್ಟು ಹೊತ್ತು ಅದರ ಪಕ್ಕದಲ್ಲೇ ಹಾದುಹೋದವಳು.

“ಇದೇ ಅಲ್ವಾ ಸಾರ್ ನನ್ನ ಮಗಳ ಫೋನಲ್ಲಿ ಇರ್ತಿದ್ದಿದ್ದು?”

“ಇದೇ.”

ಅವಳು ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದಳು. “ಇನ್ನೂ ಖಾಲಿ ಪುಟ ಇವೆ. ಈಗ ನೀವು ಬರೀರಿ.”

*

ಸೋಮವಾರದ ಹೊತ್ತಿಗೆ ನನಗೆ ಕೆಲಸವಿರಲಿಲ್ಲ, ಪಿಟೀಲಿನ ತಾಯಿಗೂ ಇರಲಿಲ್ಲ. ಹಳೇ ಫೋನನ್ನು ಒರೆಸಿ ದೊಡ್ಡ ಮನೆಯ ಅಡುಗೆಮನೆ ಕಟ್ಟೆಯ ಮೇಲಿಟ್ಟು ಬಂದಿದ್ದಳು. ಹನ್ನೊಂದು ಸೀಟು ಉಳಿಯಿತೋ ಹೋಯಿತೋ ಯಾರೂ ಹೇಳಲೊಲ್ಲರು. ಫೋನು ಮಾಡಿದರೆ ಎತ್ತುವುದಿಲ್ಲ. ಆಫೀಸು ಮಾತ್ರ ಶಾಲೆಯ ಹಿಂದಿನ ಶೆಡ್ಡಿನಲ್ಲಿ ನಡೆಯುತ್ತಿದೆ ಎಂದು ತಿಳಿಯಿತು. ನಾನು, ಪಿಟೀಲು, ಅವಳ ತಾಯಿ ಮೂವರೂ ಹೋದೆವು. ಪಿಟೀಲು ಸಮವಸ್ತ್ರದಲ್ಲಿದ್ದಳು. ಉಳಿದ ಹತ್ತು ಮನೆಗೂ ಹೇಳಿ ಕಳಿಸಿದ್ದೆ. ಕೆಲಸ ಬಿಟ್ಟು ಬರಲು ಆದವರು ಇಬ್ಬರು ತಾಯಂದಿರು.

ತಗಡಿನ ದೊಡ್ಡ ಗೇಟು. ಪಿಟೀಲಿನ ತಾಯಿ ಬಡಿದಳು. ಒಂದು ಸಲ.

ಚಿಕ್ಕ ಕಿಂಡಿ ತೆರೆಯಿತು. ವಾಚ್‌ಮನ್ನಿನ ಅರ್ಧ ಮುಖ. “ಮೇಷ್ಟ್ರೇ, ನಿಮ್ಮನ್ನ ಒಳಗೆ ಬಿಡಬೇಡ ಅಂದಿದ್ದಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಕೇಳ್ಕೊಂಡು ಬರ್ತೀನಿ, ಇಲ್ಲೇ ಕಾಯಿರಿ.” ಕಿಂಡಿ ಮುಚ್ಚಿತು.

ನಿಂತೆವು. ಬಿಸಿಲಿಗೆ ತಗಡು ಕಾದು ವಾಸನೆ ಬರುತ್ತಿತ್ತು. ಮೇಲೆ ಕೆಲಸದವರು ತಾರಸಿಗೆ ಕಬ್ಬಿಣ ಕಟ್ಟುತ್ತಿದ್ದರು. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಗೇಟಿನ ಸಂದಿಯಿಂದ ಒಳಗೆ ಓಡಾಡುವ ಕಾಲುಗಳು ಕಾಣುತ್ತಿದ್ದವು. ಅವರಿಗೂ ನಮ್ಮ ಕಾಲುಗಳು ಕಾಣುತ್ತಿದ್ದಿರಬೇಕು.

ಪಿಟೀಲು ಚೀಲದಿಂದ ನೋಟ್‌ಬುಕ್ಕು ತೆಗೆದಳು. ಪೆನ್ನಿನ ಮುಚ್ಚಳ ಬಿಚ್ಚಿದಳು. ತಾರೀಖು ಬರೆಯಲು ಹೋದಳು.

ತಾಯಿ ಅವಳ ಕೈಯಿಂದ ಪೆನ್ನು ಕಿತ್ತುಕೊಂಡಳು. ಗೇಟಿನ ಕಡೆ ತಿರುಗಿದಳು. ಕೈ ಎತ್ತಿದಳು. ಅದು ಅರ್ಧದಲ್ಲಿ ನಿಂತಿತು. ಬಡಿದಳು. ತಗಡು ಗುಡುಗಿತು.

“ಯಾರದು? ಒಂದ್ಸಲ ಬಡಿದ್ರೆ ಸಾಲ್ದಾ?” ಎಂದು ಒಳಗಿನಿಂದ ಯಾರೋ ಗದರಿದರು.

ಅವಳು ಮೂರನೆಯ ಸಲ ಬಡಿದಳು.